ಹೊಳೆ ಹುಟ್ಟುವ ಜಾಗದಲ್ಲೇ ಬಾಟಲಿ ಒಡೀತೀರಲ್ಲ!

ಭಾನುವಾರ ಅವ್ವನನ್ನು ಮಹಾರಾಷ್ಟ್ರದ ಘಟ್ಟದ ಮೇಲಿನ ಊರು ಅಂಬೋಲಿಗೆ ಕರ್ಕೊಂಡು ಹೋಗಿದ್ದೆ. ಇನ್ನೂ ಸಿಟ್ಟು ಇಳಿದಿಲ್ಲ.

ನಮ್ಮದು ಗಡಹಿಂಗ್ಲಜ ಕಡೆಯ ಹಳ್ಳಿ. ಹೊಲಕ್ಕೂ ಕೊಡಕ್ಕೂ ಹಿರಣ್ಯಕೇಶಿ ನೀರೇ. ಆ ಹೊಳೆ ಹುಟ್ಟುವುದು ಅಂಬೋಲಿಯ ಗುಹೆಯಲ್ಲಿ. ಅಲ್ಲಿ ಹೋಗಿ ಉಡಿ ತುಂಬಬೇಕು ಅಂತ ಅವ್ವನಿಗೆ ಎಷ್ಟೋ ವರ್ಷದ ಆಸೆ. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಆಜರಾ ದಾಟಿ ಹೋದೆವು.

ಗುಡಿ ಮುಂದಿನ ಕುಂಡದ ಹತ್ತಿರ ಅವ್ವ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, "ಯವ್ವಾ!" ಅಂತ ಕೂತುಬಿಟ್ಟಳು. ಹಿಮ್ಮಡಿಯಲ್ಲಿ ಹಸಿರು ಗಾಜಿನ ಚೂರು. ಬಿಯರ್ ಬಾಟಲಿಯದು. ಕೀಳುವಾಗ ನನ್ನ ಬೆರಳೂ ಕೊಯ್ದುಕೊಂಡಿತು. ರಕ್ತ ನಿಲ್ಲಲಿಲ್ಲ. ಕಟ್ಟಲು ಬೇರೇನೂ ಇರಲಿಲ್ಲ, ಉಡಿಗೆ ತಂದಿದ್ದ ಹೊಸ ಖಣವನ್ನೇ ಹರಿದು ಕಟ್ಟಿದೆ.

2020ರಲ್ಲಿ ಇದೇ ಕುಂಡದಲ್ಲಿ ಹೊಸ ಜಾತಿಯ ಸಣ್ಣ ಮೀನು ಸಿಕ್ಕಿತು. ಅದಕ್ಕೆ ಹೊಳೆಯ ಹೆಸರನ್ನೇ ಇಟ್ಟರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಈ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಅಂಥ ಕುಂಡದ ಅಂಚಿಗೆ ಗುಟ್ಕಾ ಪಾಕೀಟು, ಚಿಪ್ಸ್ ಕವರು, ಶಾಂಪೂ ಚೀಟಿ! ದೇವರ ಭಯ ಇಲ್ಲದಿದ್ದರೆ ಬೇಡ, ಕುಡಿಯುವ ನೀರು ಅನ್ನೋದಾದ್ರೂ ನೆನಪಿರಬಾರದಾ?

ಪಕ್ಕದಲ್ಲೇ ನಾಲ್ಕು ಹುಡುಗರು ಸ್ಪೀಕರ್ ಹಚ್ಚಿ ಕುಡೀತಿದ್ದರು. ಬಾಟಲಿ ಎಸೀಬೇಡ್ರಪ್ಪಾ ಅಂತ ಮರಾಠಿಯಲ್ಲಿ ಹೇಳಿದೆ. "ಏನಂತಾನಲೇ ಇಂವ?" ಅಂದ ಒಬ್ಬ. ನಮ್ಮವರೇ! ಕನ್ನಡದಲ್ಲೇ ಬೈದೆ. "ಪಾರ್ಕಿಂಗ್ ರೊಕ್ಕ ಕೊಟ್ಟೇವಿ, ಕಸಾ ತಗಿಯಾಕ ಮಂದಿ ಇರ್ತಾರ" ಅಂತ ಉತ್ತರ. ಇಪ್ಪತ್ತು ರೂಪಾಯಿ ಚೀಟಿಗೆ ಹೊಳೆಯನ್ನೇ ಕೊಂಡುಕೊಂಡಿರಾ?

ಅವ್ವ ಮಾತ್ರ ಕೂತಲ್ಲಿಂದಲೇ ಮೆತ್ತಗೆ ಹೇಳಿದಳು: "ತಮ್ಮಾ, ಈ ನೀರ ಸಂಕೇಶ್ವರಕ್ಕ ಬರ್ತದ. ಮುಂದ ಘಟಪ್ರಭಾಕ್ಕ ಕೂಡ್ತದ. ನಿಮ್ಮವ್ವ ಕೊಡಾ ತುಂಬೂದೂ ಇದ್ನ." ಸ್ಪೀಕರ್ ಬಂದ್ ಆಯಿತು. ಬಾಟಲಿ ಅಲ್ಲೇ ಬಿಟ್ಟು ಹೋದರು.

ಫಾಲ್ಸ್ ನೋಡಲಿಲ್ಲ. ಘಾಟಿನಲ್ಲಿ ಎರಡೂ ಬದಿ ಗಾಡಿ ನಿಲ್ಲಿಸಿ ಕುಣೀತಿದ್ದರಂತೆ, ಎಸ್‌ಟಿ ಬಸ್ಸೇ ಸಿಕ್ಕಿಬಿದ್ದಿತ್ತಂತೆ. ಪಾರ್ಕಿಂಗ್ ಚೀಟಿ ಹರಿದು ಕೊಡುವವರಿಗೆ ನನ್ನದೊಂದೇ ಮಾತು: ರೊಕ್ಕ ಎಣಿಸುವ ಹೊತ್ತಿನಲ್ಲೇ ಡಿಕ್ಕಿ ತೆಗೆಸಿ ನೋಡಿ. ಬಾಟಲಿ ಇದ್ದರೆ ಅಲ್ಲಿಂದಲೇ ತಿರುಗಿಸಿ ಕಳಿಸಿ. ಅದೇನು ಕಷ್ಟದ ಕೆಲಸ?

ಅವ್ವನ ಕಾಲಿಗೆ ಎರಡು ಹೊಲಿಗೆ ಬಿದ್ದಿವೆ. ಉಡಿ ಅಕ್ಕಿ, ತೆಂಗಿನಕಾಯಿ ಚೀಲದಲ್ಲೇ ವಾಪಸ್ ಬಂದವು. ದೇವರ ಮುಂದೆ ಇಟ್ಟಿದ್ದಾಳೆ, ಅಡಿಗೆಗೆ ಮುಟ್ಟಲು ಬಿಡ್ತಿಲ್ಲ.