ಹುಡುಗಿ ಒಬ್ಬಳು, ಗಣ್ಯರು ನಲವತ್ತೊಂದು ಮಂದಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಮೂರು ದಿನವಾಗುವುದರೊಳಗೆ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ಎದುರು ಇಪ್ಪತ್ತು ಅಡಿಯ ಫ್ಲೆಕ್ಸ್ ಎದ್ದು ನಿಂತಿತು. ಕೆಳಗಡೆ ಬಲಮೂಲೆಯಲ್ಲಿ ಒಬ್ಬಳು ಹುಡುಗಿ. ಹಾಲ್ ಟಿಕೆಟ್ಟಿನ ಚಿತ್ರವನ್ನೇ ಎಳೆದು ದೊಡ್ಡದು ಮಾಡಿದ್ದರಿಂದ ಕಣ್ಣು, ಮೂಗುಗಳನ್ನು ನೋಡುಗರ ಊಹೆಗೆ ಬಿಡಲಾಗಿತ್ತು. ಉಳಿದ ಜಾಗದಲ್ಲೆಲ್ಲ ಬಿಳಿ ಅಂಗಿ, ಕಪ್ಪು ಕನ್ನಡಕ, ಜೋಡಿಸಿದ ಕೈ. ನಡುವೆ ನಾಯಕರು, ಎಡಕ್ಕೆ ಅವರ ಮಗ, ಬಲಕ್ಕೆ ಅವರ ತಮ್ಮ, ಕಾಲಬುಡದಲ್ಲಿ ಮೊಟ್ಟೆಯಾಕಾರದ ಚೌಕಟ್ಟುಗಳೊಳಗೆ ‘ಶುಭ ಕೋರುವವರು’. ಇವರಲ್ಲಿ ಅರ್ಧಕ್ಕರ್ಧ ಮಂದಿ ಹತ್ತನೆಯ ತರಗತಿಯನ್ನು ಕಿಟಕಿಯ ಹೊರಗಿನಿಂದ ಕಂಡವರು. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಓದಿ, “ಪಾಪ, ಸಾಹೇಬರು ಈ ವಯಸ್ಸಿನಲ್ಲಾದರೂ ಪಾಸಾದರಲ್ಲ” ಎಂದು ಸಂತೋಷಪಟ್ಟರು.

ಆ ಹುಡುಗಿ ಸಮಾಜ ವಿಜ್ಞಾನದಲ್ಲಿ ನೂರಕ್ಕೆ ನೂರು ತೆಗೆದವಳು. ಪೌರನ ಕರ್ತವ್ಯ, ಪರಿಸರ ರಕ್ಷಣೆ ಎಲ್ಲವನ್ನೂ ಬಾಯಿಪಾಠ ಮಾಡಿದವಳು. ನಮ್ಮ ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸು, ಬ್ಯಾನರುಗಳೂ ಆ ಪಟ್ಟಿಯಲ್ಲಿದ್ದವು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆಯಂತೂ 1981ರದು. 2018ರಲ್ಲಿ ಹೈಕೋರ್ಟು ಬೆಂಗಳೂರಿನ ಫ್ಲೆಕ್ಸುಗಳ ಮೇಲೆ ಹರಿಹಾಯ್ದಾಗ ಪಾಲಿಕೆಯವರು ಕೆಲವೇ ತಾಸುಗಳಲ್ಲಿ ಲಾರಿಗಟ್ಟಲೆ ಕಿತ್ತುಹಾಕಿದ್ದರು. ಇಷ್ಟೆಲ್ಲವನ್ನೂ ಓದಿ ನೂರು ಅಂಕ ಪಡೆದವಳನ್ನು ನಿಷೇಧಿತ ವಸ್ತುವಿನ ಮೇಲೆಯೇ ಅಚ್ಚು ಹಾಕಿ, ವಿದ್ಯುತ್ ಕಂಬಕ್ಕೆ ತಂತಿಯಿಂದ ಬಿಗಿದು ಅಭಿನಂದಿಸಲಾಯಿತು. ಪಠ್ಯಕ್ಕೂ ಜೀವನಕ್ಕೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ವಿವರಿಸಲಾರರು.

ಅವಳು ಯಾರ ಮಗಳು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ‘ನಮ್ಮ ಶಾಲೆಯ ಹೆಮ್ಮೆಯ ಕುಡಿ’ ಎಂದು ಪ್ರೌಢಶಾಲೆ ಹೇಳಿತು. ನಾಲ್ಕನೆಯ ತರಗತಿಯವರೆಗೆ ಓದಿದ ಶಾಲೆ ಹಳೆಯ ಹಾಜರಿ ಪುಸ್ತಕ ಹುಡುಕಿ ತೆಗೆಯಿತು. ಪರೀಕ್ಷೆಗೆ ಮುಂಚೆ ಹದಿನೈದು ದಿನ ಗಣಿತಕ್ಕೆ ಹೋಗಿದ್ದ ಟ್ಯೂಷನ್ನಿನವರು ಆರೂ ವಿಷಯಗಳ ಅಂಕಗಳನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡರು. ಕೋಚಿಂಗ್ ಕೇಂದ್ರಗಳು ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಭಾವಚಿತ್ರ ಬಳಸಬಾರದು, ಯಾವ ಕೋರ್ಸಿಗೆ ಸೇರಿದ್ದರೆಂಬುದನ್ನು ಮುಚ್ಚಿಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ; ಆ ಸುದ್ದಿ ನಮ್ಮ ತಾಲ್ಲೂಕಿಗೆ ಬರುವ ಬಸ್ಸು ಎಲ್ಲೋ ಕೆಟ್ಟು ನಿಂತಿರಬೇಕು. ಜಾತಿ ಸಂಘದವರು ‘ಸಮಾಜದ ಕಣ್ಮಣಿ’ ಎಂದು ಕರೆದು, ಅದೇ ಉಸಿರಿಗೆ ಆದಾಯ ಪ್ರಮಾಣಪತ್ರ ಕೇಳಿದರು. ಅವಳ ಅಪ್ಪ ಸಾಲ ಮಾಡಿದ್ದ ಸಹಕಾರ ಸಂಘ ‘ನಮ್ಮ ಸದಸ್ಯರ ಸುಪುತ್ರಿ’ ಎಂದು ಘೋಷಿಸಿತು. ಕಂತು ಬಾಕಿ ಇರುವ ವಿಷಯವನ್ನು ದೊಡ್ಡ ಮನಸ್ಸಿನಿಂದ ಒಂದು ವಾರ ಯಾರೂ ಎತ್ತಲಿಲ್ಲ.

ಈ ಪೈಪೋಟಿಯಲ್ಲಿ ಪೂರೈಕೆಯ ಸಮಸ್ಯೆಯೂ ಇದೆ. 2022ರಲ್ಲಿ 625ಕ್ಕೆ 625 ತೆಗೆದವರು ರಾಜ್ಯದಲ್ಲಿ 145 ಮಂದಿ ಇದ್ದರು. ಜಾಹೀರಾತು ಬರೆಯುವವರಿಗೆ ಸುಗ್ಗಿ. ಮರುವರ್ಷ ಅದು ನಾಲ್ಕಕ್ಕೆ ಇಳಿಯಿತು. 2024ರಲ್ಲಿ ಇಡೀ ರಾಜ್ಯಕ್ಕೆ ಒಬ್ಬಳೇ. ಅವಳಾದರೂ ಲಕ್ಷಗಟ್ಟಲೆ ಶುಲ್ಕದ ಶಾಲೆಯವಳೇ? ಅದೂ ಇಲ್ಲ, ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಆ ವರ್ಷ ಹೊಳೆಯುವ ಕಾಗದದಲ್ಲಿ ಕರಪತ್ರ ಹಾಕಿಸುವವರು ಎಷ್ಟು ಸಂಕಟಪಟ್ಟರೋ. ಕೊನೆಗೆ ‘ಕನ್ನಡದಲ್ಲಿ 125ಕ್ಕೆ 124 ಪಡೆದ ವಲಯ ಮಟ್ಟದ ದ್ವಿತೀಯ’ ಎಂಬಂಥ ಹೊಸ ಹೊಸ ಶಿಖರಗಳನ್ನು ಕಂಡುಹಿಡಿಯಬೇಕಾಯಿತು.

ಶೇಕಡ ನೂರು ಫಲಿತಾಂಶದ ಕಥೆ ಇನ್ನೂ ಸೊಗಸು. ಗೇಟಿನ ಮೇಲೆ ‘ಸತತ ನೂರು’ ಎಂದು ಬರೆಸಿಕೊಳ್ಳುವ ಶಾಲೆಗಳಲ್ಲಿ ಕೆಲವು ಪಾಠಕ್ಕಿಂತ ವರ್ಗಾವಣೆ ಪತ್ರವನ್ನೇ ಹೆಚ್ಚು ನಂಬುತ್ತವೆ. ಒಂಬತ್ತನೆಯ ತರಗತಿಯ ಕೊನೆಗೆ ಅಪ್ಪ–ಅಮ್ಮನನ್ನು ಕರೆಸಿ, ಕುರ್ಚಿ ಹಾಕಿಸಿ, ಚಹಾ ಕೊಟ್ಟು, “ನಿಮ್ಮ ಮಗನಿಗೆ ಇಲ್ಲಿನ ವಾತಾವರಣ ಒಗ್ಗುತ್ತಿಲ್ಲ” ಎನ್ನುತ್ತಾರೆ. ಐದು ವರ್ಷ ಶುಲ್ಕ ಕಟ್ಟುವಾಗ ಒಗ್ಗಿದ್ದ ವಾತಾವರಣ ಹತ್ತನೆಯ ತರಗತಿಯ ಬಾಗಿಲಲ್ಲಿ ಹೇಗೆ ಕೆಟ್ಟಿತೋ ಹವಾಮಾನ ಇಲಾಖೆಯೇ ಹೇಳಬೇಕು. ಇನ್ನೂ ಕೆಲವರನ್ನು ಖಾಸಗಿ ಅಭ್ಯರ್ಥಿಯಾಗಿ ಕೂರಿಸುತ್ತಾರೆ. ಹುಡುಗ ಅದೇ ಬೆಂಚಿನಲ್ಲಿ ಓದಿ ಅದೇ ಬಿಸಿಲಿನಲ್ಲಿ ಆಡಿರುತ್ತಾನೆ, ಶಾಲೆಯ ಲೆಕ್ಕದಲ್ಲಿ ಮಾತ್ರ ಇರುವುದಿಲ್ಲ. ಹೀಗೆ ಕಳೆದ ಮೇಲೆ ಉಳಿಯುವುದು ನೂರು. ಗಣಿತದಲ್ಲಿ ನಮ್ಮ ಸಂಸ್ಥೆಗಳು ಹಿಂದುಳಿದಿವೆ ಎನ್ನುವವರು ನಾಲಿಗೆ ಕಚ್ಚಿಕೊಳ್ಳಬೇಕು.

ಇನ್ನು ಸಮಾರಂಭ. ನಮ್ಮಲ್ಲಿ ಪ್ರತಿಭಾ ಪುರಸ್ಕಾರವನ್ನೂ ವಾರ್ಷಿಕೋತ್ಸವವನ್ನೂ ಒಂದೇ ಶಾಮಿಯಾನದಲ್ಲಿ ಮುಗಿಸುವುದು ವಾಡಿಕೆ. ಈ ಸಲದ ಆಹ್ವಾನ ಪತ್ರಿಕೆಯನ್ನು ಬಿಡಿಸಿದರೆ ಮೇಜು ಸಾಲಲಿಲ್ಲ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಭಾವಚಿತ್ರಕ್ಕೆ ಪುಷ್ಪಾರ್ಚನೆ ಮಾಡುವವರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಅತಿಥಿಗಳು, ವಿಶೇಷ ಆಹ್ವಾನಿತರು. ಎಲ್ಲ ಸೇರಿ ನಲವತ್ತೊಂದು ಹೆಸರು. ಕೊನೆಯ ಪುಟದಲ್ಲಿ, ‘ಊಟದ ವ್ಯವಸ್ಥೆ ಇದೆ’ ಎಂಬುದರ ಮೇಲೆ, ‘ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಸನ್ಮಾನ’ ಎಂದು ಒಂದು ಸಾಲು. ಹುಡುಗಿಯ ಹೆಸರು ಇರಲಿಲ್ಲ. ಹಾಕಿದ್ದರೆ ಗ್ರಾಮ ಪಂಚಾಯಿತಿಯ ಮಾಜಿ ಉಪಾಧ್ಯಕ್ಷರ ಹೆಸರು ಬಿಡಬೇಕಾಗುತ್ತಿತ್ತು, ಬಿಟ್ಟಿದ್ದರೆ ಅವರು ಕೊಡಿಸಬೇಕಾಗಿದ್ದ ಶಾಮಿಯಾನವೂ ಬರುತ್ತಿರಲಿಲ್ಲ.

ಕಾರ್ಯಕ್ರಮ ಹತ್ತು ಗಂಟೆಗೆ. ಮಕ್ಕಳು ಎಂಟಕ್ಕೇ ಬಂದು ಸಾಲಾಗಿ ಕೂತರು. ಹತ್ತೂವರೆಗೆ ಮುಖ್ಯ ಅತಿಥಿಗಳು ‘ಹೊರಟಿದ್ದಾರೆ’ ಎಂದು ತಿಳಿಯಿತು. ಹನ್ನೊಂದೂವರೆಗೆ ‘ದಾರಿಯಲ್ಲಿದ್ದಾರೆ’. ಹನ್ನೆರಡಕ್ಕೆ ‘ಇನ್ನೇನು ಬಂದೇ ಬಿಟ್ಟರು’ ಎಂದು ನಿರೂಪಕರು ಹೇಳಿದ್ದರಿಂದ ಬ್ಯಾಂಡಿನ ಹುಡುಗರು ಎದ್ದು ನಿಂತು ಬಾರಿಸಿದರು. ಒಳಗೆ ಬಂದದ್ದು ಕುಡಿಯುವ ನೀರಿನ ಕ್ಯಾನುಗಳ ಆಟೊ. ವೇದಿಕೆಯ ಪಕ್ಕ ಛದ್ಮವೇಷದ ಮಕ್ಕಳು ಸರದಿಗಾಗಿ ಕಾಯುತ್ತಿದ್ದರು. ಒಂದನೆಯ ತರಗತಿಯ ಓಬವ್ವ ಒನಕೆಯನ್ನು ತಬ್ಬಿಕೊಂಡೇ ನಿದ್ದೆ ಹೋಗಿದ್ದಳು. ಸಂಗೊಳ್ಳಿ ರಾಯಣ್ಣನ ಮೀಸೆ ಬೆವರಿಗೆ ಕರಗಿ ಗಲ್ಲಕ್ಕೆ ಇಳಿದಿತ್ತು, ಕೈಯಲ್ಲಿ ರಟ್ಟಿನ ಕತ್ತಿ ಬಾಗಿತ್ತು. ಅವನು ಟೀಚರ ಸೆರಗು ಜಗ್ಗಿ, “ಮಿಸ್, ಉಚ್ಚೆ” ಎಂದ. “ಇನ್ನೇನು ಬಂದರಪ್ಪ, ಸ್ವಲ್ಪ ತಡೆದುಕೋ” ಎಂದರು ಟೀಚರು. ಬ್ರಿಟಿಷರು ರಾಯಣ್ಣನನ್ನು ಇಷ್ಟು ಹಿಂಸಿಸಿದ ದಾಖಲೆ ಇಲ್ಲ.

ಒಂದು ಗಂಟೆಗೆ ಗಣ್ಯರು ಬಂದರು. ನಾಡಗೀತೆ ಆರಂಭವಾಯಿತು. ಇದರ ಬಗ್ಗೆ ನಮ್ಮ ಸರ್ಕಾರ ಬಹಳ ತಲೆ ಕೆಡಿಸಿಕೊಂಡಿದೆ. ಎಷ್ಟೋ ವರ್ಷಗಳ ಚರ್ಚೆ, ಸಮಿತಿ, ವಾದವಿವಾದಗಳಾದ ಮೇಲೆ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶವಾಯಿತು. ಮಕ್ಕಳು ಒಂದು ಸೆಕೆಂಡೂ ಹೆಚ್ಚುಕಡಿಮೆಯಾಗದಂತೆ ಹಾಡಿ ಕೂತರು. ನಂತರ ಮುಖ್ಯ ಅತಿಥಿಗಳು ಎದ್ದು, “ಸಮಯದ ಅಭಾವವಿರುವುದರಿಂದ ಎರಡೇ ಮಾತು” ಎಂದು ಶುರುಮಾಡಿದರು. ಅವರ ಧಾಟಿಯನ್ನಾಗಲಿ ಅವಧಿಯನ್ನಾಗಲಿ ನಿಗದಿ ಮಾಡುವ ಸಮಿತಿ ಇನ್ನೂ ರಚನೆಯಾಗಿಲ್ಲ. ಮೊದಲನೆಯ ಮಾತು ನಲವತ್ತು ನಿಮಿಷ ಹಿಡಿಯಿತು: ತಾವು ಬುಡ್ಡಿ ದೀಪದಲ್ಲಿ ಓದಿದ್ದು, ಬರಿಗಾಲಲ್ಲಿ ನಡೆದದ್ದು, ಮೇಷ್ಟ್ರ ಬೆತ್ತದ ಏಟೇ ತಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು. ಎಲ್ಲಿಗೆ ತಂದು ನಿಲ್ಲಿಸಿತೆಂಬುದನ್ನು ಕಾರಿನ ಸಂಖ್ಯಾಫಲಕ ನೋಡಿದವರು ಅರ್ಥ ಮಾಡಿಕೊಂಡರು. ಎರಡನೆಯ ಮಾತು ರಸ್ತೆ ಕಾಮಗಾರಿಯ ಬಗ್ಗೆ. “ಅಂಕವೇ ಮುಖ್ಯವಲ್ಲ ಮಕ್ಕಳೇ, ಸಂಸ್ಕಾರ ಮುಖ್ಯ” ಎಂದು ಅವರು ಹೇಳಿದಾಗ ಚಪ್ಪಾಳೆಯ ಮಳೆಯೇ ಸುರಿಯಿತು. ಅಂಕ ತೆಗೆದದ್ದಕ್ಕಾಗಿಯೇ ಕರೆತಂದು ಕೂರಿಸಿದ್ದ ಹುಡುಗಿಯೂ ತಟ್ಟಿದಳು.

ಸನ್ಮಾನದ ಸರದಿ ಬಂದಾಗ ಮೊದಲು ಸನ್ಮಾನವಾದದ್ದು ಗಣ್ಯರಿಗೆ. ನಲವತ್ತೊಂದು ಮೈಸೂರು ಪೇಟ, ನಲವತ್ತೊಂದು ಶಾಲು. 2021ರಲ್ಲಿ ಅಂದಿನ ಸರ್ಕಾರ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತ್ತು. ಇದು ಖಾಸಗಿ ಸಂಸ್ಥೆಯಾದ್ದರಿಂದ ಎರಡಕ್ಕೂ ಅವಕಾಶ ಮಾಡಿಕೊಂಡರು. ಗಣ್ಯರಿಗೆ ಶಾಲು, ಹುಡುಗಿಗೆ ಪುಸ್ತಕ. ಯಾವ ಪುಸ್ತಕ ಎನ್ನುತ್ತೀರಿ? ಸಂಸ್ಥಾಪಕರ ಅಭಿನಂದನ ಗ್ರಂಥ. ಮೂರು ಕಿಲೋ ತೂಕದ್ದು, ಖರ್ಚಾಗದ ಪ್ರತಿಗಳು ಕಚೇರಿಯ ಬೀರುವಿನಲ್ಲಿ ಪೇರಿಸಿದ್ದವು. ಅದರ ಜೊತೆಗೆ ಥರ್ಮೋಕೋಲಿನ ಆಳೆತ್ತರದ ಚೆಕ್ಕು. ಅದನ್ನು ಹದಿನೆಂಟು ಮಂದಿ ಹಿಡಿದುಕೊಂಡದ್ದರಿಂದ ಫೋಟೊದಲ್ಲಿ ಹುಡುಗಿಯ ಎರಡು ಜಡೆ ಮಾತ್ರ ಬಿದ್ದಿವೆ. ಹಣ ಖಾತೆಗೆ ಬರುತ್ತದಂತೆ, ಆಧಾರ್ ಜೋಡಣೆಯಾದ ಮೇಲೆ. ಲ್ಯಾಪ್‌ಟಾಪಿನ ಭರವಸೆಯೂ ಇದೆ. ಅದು ಹಿಂದಿನ ವರ್ಷದ ಹುಡುಗನಿಗೆ ಕೊಟ್ಟಿದ್ದ ಭರವಸೆಯೇ, ಹೊಸದಾಗಿ ಹೊಳಪು ಹಾಕಿದ್ದು.

ಶಾಲೆಯೆಂದರೆ ಊರಿನವರೆಲ್ಲ ಕೈಜೋಡಿಸುವ ಜಾಗವೆಂಬುದಕ್ಕೆ ತಲೆಯೆತ್ತಿ ನೋಡಿದರೆ ಸಾಕು. ಸಭಾಂಗಣದ ಫ್ಯಾನುಗಳ ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು, ಊರು, ‘ದಿವಂಗತ ತಾಯಿಯವರ ಸ್ಮರಣಾರ್ಥ’ ಎಂಬ ಬರಹ. ತೊಂದರೆಯೆಂದರೆ ಫ್ಯಾನು ತಿರುಗಿದರೆ ಹೆಸರು ಕಾಣದು, ಹೆಸರು ಕಾಣಬೇಕಾದರೆ ಮಕ್ಕಳು ಬೇಯಬೇಕು. ದಾನಿಯೊಬ್ಬರು ಇದನ್ನು ಆಡಳಿತ ಮಂಡಳಿಯ ಸಭೆಯಲ್ಲೇ ಪ್ರಸ್ತಾಪಿಸಿದರು. ಎರಡು ತಾಸು ಚರ್ಚೆಯಾಗಿ, ಫ್ಯಾನನ್ನು ಒಂದನೇ ನಂಬರಿನಲ್ಲಿ ಮಾತ್ರ ತಿರುಗಿಸುವುದೆಂದೂ ಗಣ್ಯರು ಬಂದಾಗ ನಿಲ್ಲಿಸುವುದೆಂದೂ ತೀರ್ಮಾನವಾಯಿತು. ಅದೇ ಸಭೆಯ ಕಾರ್ಯಸೂಚಿಯಲ್ಲಿ ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸುವ ವಿಷಯವೂ ಇತ್ತು. ಚಿಲಕದ ಮೇಲೆ ಹೆಸರು ಬರೆಸಲು ಜಾಗ ಸಾಲದೆಂಬ ಕಾರಣಕ್ಕೆ ದಾನಿಗಳು ಮುಂದೆ ಬಂದಿಲ್ಲ.

ಇಷ್ಟು ಕಷ್ಟಪಟ್ಟು ನಡೆಯುವ ಈ ಸಂಪ್ರದಾಯಕ್ಕೆ ಶಿಕ್ಷಣ ಇಲಾಖೆ ಮನ್ನಣೆ ಕೊಡಬೇಕೆಂಬುದು ನನ್ನ ಬೇಡಿಕೆ. ‘ಸಮಾರಂಭ ವಿಜ್ಞಾನ’ವನ್ನು ಏಳನೆಯ ವಿಷಯವಾಗಿ ಸೇರಿಸಲಿ. ಪ್ರಥಮ ಭಾಷೆಯೊಂದನ್ನು ಬಿಟ್ಟು ಉಳಿದ ವಿಷಯಗಳಂತೆ ಇದಕ್ಕೂ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಬಿಸಿಲಲ್ಲಿ ಕೂರುವುದು, ಹೂವು ಎರಚುವುದು, ಚಪ್ಪಾಳೆ ನಿಂತಾಗ ಮತ್ತೆ ಶುರುಮಾಡುವುದು ಆಂತರಿಕಕ್ಕೆ. ತಲೆಸುತ್ತಿ ಬಿದ್ದವರಿಗೆ 2024ರಲ್ಲಿ ಕೊಟ್ಟಂತೆ ಶೇಕಡ ಇಪ್ಪತ್ತರ ಕೃಪಾಂಕ. ಲಿಖಿತ ಪರೀಕ್ಷೆಗೆ ಮಾದರಿ ಪ್ರಶ್ನೆಗಳನ್ನೂ ಸಿದ್ಧಪಡಿಸಿದ್ದೇನೆ. ‘ನಾನೂ ನಿಮ್ಮ ಹಾಗೆಯೇ ಕೊನೆಯ ಬೆಂಚಿನವನು’ ಎಂದು ಅತಿಥಿಗಳು ಹೇಳಿದಾಗ ಎಷ್ಟು ಹೊತ್ತು ನಗಬೇಕು? ಹಾಲಿ ಮತ್ತು ಮಾಜಿ ಇಬ್ಬರೂ ಒಂದೇ ವೇದಿಕೆಗೆ ಬಂದರೆ ಯಾರ ಹೆಸರನ್ನು ಮೊದಲು ಕೂಗುವುದು ಸುರಕ್ಷಿತ, ಕಾರಣ ಸಹಿತ ವಿವರಿಸಿ. ಕೆಳಗಿನ ಚಿತ್ರದಲ್ಲಿ ಸನ್ಮಾನಿತ ವಿದ್ಯಾರ್ಥಿನಿಯನ್ನು ಗುರುತಿಸಿ (ದೃಷ್ಟಿ ದೋಷವಿರುವವರಿಗೆ ಪರ್ಯಾಯ ಪ್ರಶ್ನೆ ಇದೆ).

ಪರೀಕ್ಷಾ ಕೊಠಡಿಗಳಿಗೆ 2024ರಿಂದ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾದದ್ದೇ ತಡ, ಹಿಂದಿನ ವರ್ಷ ಶೇಕಡ 83 ದಾಟಿದ್ದ ಫಲಿತಾಂಶ 73ಕ್ಕೆ ಜಾರಿತು. ಈ ವಿಷಯದಲ್ಲಿ ಆ ಭಯವಿಲ್ಲ. ಇಲ್ಲಿ ಕ್ಯಾಮೆರಾಗಳು ಮೊದಲಿನಿಂದಲೂ ಇವೆ, ಅವು ಮಕ್ಕಳ ಕಡೆಗೆ ತಿರುಗುವುದಿಲ್ಲ ಅಷ್ಟೆ. ಆಗಾಗ ಕೇಳುವ ಉಡುಪಿ, ದಕ್ಷಿಣ ಕನ್ನಡ ಮೇಲೆ, ಕಲಬುರಗಿ, ಯಾದಗಿರಿ ಕೆಳಗೆ ಎಂಬ ರಗಳೆಯೂ ತಪ್ಪುತ್ತದೆ. ಬಿಸಿಲಲ್ಲಿ ಕೂರುವ ವಿದ್ಯೆಯಲ್ಲಿ ಕಲಬುರಗಿಯನ್ನು ಮೀರಿಸುವವರು ಯಾರಿದ್ದಾರೆ? ರಾಜ್ಯಕ್ಕೆ ಮೊದಲ ಸ್ಥಾನ ಪಡೆದವರಿಗೆ ಸನ್ಮಾನ ಸಮಾರಂಭವೂ ಇರುತ್ತದೆ. ಮುಖ್ಯ ಅತಿಥಿಗಳ ದಿನಾಂಕ ಇನ್ನೂ ಸಿಕ್ಕಿಲ್ಲ.