ಕುರ್ಚಿಯ ಬೆನ್ನಿಗೆ ಕೈ ಇಟ್ಟವನು

ಹೋದ ವಾರ ಟೊರೊಂಟೊದ ಆರ್ಟ್ ಗ್ಯಾಲರಿಯಲ್ಲಿ ಐಸಾಕ್ ಮಸ್ಸಾನ ಚಿತ್ರ ನೋಡಿದೆ. ಹಾರ್ಲೆಮ್ ಊರಿನ ಧಾನ್ಯದ ವ್ಯಾಪಾರಿ, ರಷ್ಯಾಕ್ಕೆ ಹೋಗಿಬಂದ ಡಚ್ ರಾಯಭಾರಿ. ಬರೆದವನು ಅದೇ ಊರಿನ ಫ್ರಾನ್ಸ್ ಹಾಲ್ಸ್, 1626ರಲ್ಲಿ.

ಕುರ್ಚಿಯ ಬೆನ್ನಿನ ಮೇಲೆ ತೋಳು ಊರಿದ್ದಾನೆ. ಯಾರೋ ಕೂಗಿದ್ದಕ್ಕೆ ತಿರುಗಿದ ಹಾಗೆ ಕತ್ತು ಹೊರಳಿದೆ. ಬಾಯಿ ಚೂರು ತೆರೆದಿದೆ. ಬೆರಳ ನಡುವೆ ಹಾಲಿ (holly) ಅನ್ನುವ ಮುಳ್ಳೆಲೆಯ ಗಿಡದ ಒಂದು ಕಡ್ಡಿ. ನಮ್ಮ ಕಡೆ ನೋಡುವುದೇ ಇಲ್ಲ ಆಸಾಮಿ! ಹತ್ತಿರ ಹೋದರೆ ಕಾಲರಿನ ಲೇಸು ಬರೀ ಗೀಚು. ಎರಡು ಹೆಜ್ಜೆ ಹಿಂದೆ ಬನ್ನಿ, ಲೇಸು ಆಗಿಬಿಡುತ್ತದೆ.

ನಮ್ಮೂರ ಸ್ಟುಡಿಯೋದಲ್ಲಿ 'ಗಲ್ಲ ಮೇಲೆ, ಅಲ್ಲಾಡಬೇಡಿ' ಅನ್ನಿಸಿಕೊಂಡು ಉಸಿರು ಬಿಗಿಹಿಡಿದು ಕೂತವನು ನಾನು. ಇವನ ಆರಾಮ ನೋಡಿ ಹೊಟ್ಟೆಕಿಚ್ಚಾಯಿತು.

ಜೊತೆಗಿದ್ದ ಗೆಳೆಯ 'ಗೊತ್ತಿಲ್ಲದ ಹಾಗೆ ಫೋಟೋ ಹೊಡೆದಂತಿದೆ' ಅಂದ. ನಾನು ಒಪ್ಪಲಿಲ್ಲ. ಮಸ್ಸಾ 1601ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ವ್ಯಾಪಾರ ಕಲಿಯಲು ಮಾಸ್ಕೋಗೆ ಹೋದವನು. ಅಲ್ಲಿ ಬರ, ದಂಗೆ, ದೊರೆಗಳ ಕೊಲೆ ಎಲ್ಲ ನಡೆದ ಕಾಲ ಅದು. 1609ರವರೆಗೆ ಅಲ್ಲಿದ್ದ. ಆಗ ರಷ್ಯಾದ ನಕ್ಷೆ ಹೊರಗಿನವರ ಕೈಗೆ ಕೊಟ್ಟರೆ ಕೊಟ್ಟವನ ತಲೆ ಹೋಗುತ್ತಿತ್ತು. ಇವನು ಪರಿಚಯ ಬೆಳೆಸಿ, ಪುಸಲಾಯಿಸಿ ತಂದ. ಇವನು ತಂದ ಸೈಬೀರಿಯಾದ ನಕ್ಷೆ 1612ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಇಂಥವನು ಮೈಮರೆತು ಕೂರುತ್ತಾನಾ? ಹೀಗೆ ಸಲೀಸಾಗಿ ಕೂತೇ ಎದುರಿನವರ ಬಾಯಿ ಬಿಡಿಸಿರಬೇಕು. ಆರಾಮವಾಗಿ ಕೂರುವುದೇ ಇವನ ಕಸುಬು, ಅಲ್ವಾ?

ಹಿಂದಿನ ಕಿಟಕಿಯಲ್ಲಿ ಪೈನ್ ಜಾತಿಯ ಮರಗಳು ಕಾಣುತ್ತವೆ. ಹಾಲೆಂಡಿನ ಬಯಲಲ್ಲ, ರಷ್ಯಾ ನೆನಪಿಸುವ ಉತ್ತರದ ಕಾಡು. ಅಷ್ಟು ಭಾಗ ಪೀಟರ್ ಡಿ ಮೊಲೈನ್ ಅನ್ನುವ ಇನ್ನೊಬ್ಬ ಚಿತ್ರಕಾರ ಬರೆದದ್ದು ಅಂತಾರೆ. ವಿಸಿಟಿಂಗ್ ಕಾರ್ಡ್ ಗೋಡೆಗೆ ನೇತುಹಾಕಿದ ಹಾಗಿದೆ.

ಒಂದು ವಿಷಯ ಮಾತ್ರ ನನ್ನ ವಾದಕ್ಕೆ ಅಡ್ಡ ಬರುತ್ತದೆ. ಇವನೂ ಹಾಲ್ಸ್‌ನೂ ಬಲ್ಲವರು. 1623ರಲ್ಲಿ ಹಾಲ್ಸ್‌ನ ಮಗಳ ಬ್ಯಾಪ್ಟಿಸಮ್‌ಗೆ ಮಸ್ಸಾ ಸಾಕ್ಷಿಯಾಗಿ ನಿಂತಿದ್ದ. ಗೆಳೆಯನ ಮನೆಯಲ್ಲಿ ಯಾರು ಬಿಗಿದು ಕೂರುತ್ತಾರೆ?

ಆದರೂ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಹಾಲ್ಸ್ ಸುಮಾರು 1622ರಲ್ಲಿ ಬರೆದ ಒಂದು ಜೋಡಿಯ ಚಿತ್ರವಿದೆ. ಅದು ಮಸ್ಸಾ ಮತ್ತು ಹೆಂಡತಿ ಬಿಯಾಟ್ರಿಕ್ಸ್ ಇರಬೇಕು ಅನ್ನುತ್ತಾರೆ. ಅವಳ ಕೈ ಅವನ ಭುಜದ ಮೇಲಿದೆ. ಅಲ್ಲಿ ಸುಮ್ನೆ ನಗುತ್ತಿದ್ದಾನೆ. ಟೊರೊಂಟೊದವನ ಬಾಯಿ ತೆರೆದಿದೆ, ನಗು ಮಾತ್ರ ಇನ್ನೂ ಬಂದಿಲ್ಲ.