ಸೈಟೇಶನ್ ಲೆಕ್ಕದಿಂದ ಗ್ರಹವಿಜ್ಞಾನಿಯನ್ನು ಅಳೆಯಬಹುದೇ?

ಪರ

ವಿಜಯಪುರದಲ್ಲಿ ಎಂ.ಎಸ್‌ಸಿ. ಭೌತಶಾಸ್ತ್ರ ಮುಗಿಸಿದ ಹುಡುಗಿಯೊಬ್ಬಳಿಗೆ ಚಂದ್ರನ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುವ ಆಸೆ ಇದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಸಂಶೋಧನೆ ಮಾಡಿದವರು ಯಾರೂ ಇಲ್ಲ. ಇಂಥ ಸಂಶೋಧನೆ ನಡೆಯುವ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಪರಿಚಯದವರೂ ಇಲ್ಲ. ಯಾವ ಗೈಡ್ ನಿಜವಾಗಿ ಕೆಲಸ ಮಾಡುತ್ತಿದ್ದಾರೆ, ಯಾರು ಹೆಸರಿಗಷ್ಟೇ ಇದ್ದಾರೆ ಅಂತ ಅವಳಿಗೆ ಯಾರು ಹೇಳಬೇಕು?

ನಾಸಾ ನೆರವಿನಿಂದ ನಡೆಯುವ ಎಡಿಎಸ್ ಎಂಬ ಜಾಲತಾಣ ಹೇಳುತ್ತದೆ. ದುಡ್ಡು ಕೊಡಬೇಕಾಗಿಲ್ಲ. ವಿಜ್ಞಾನಿಯ ಹೆಸರು ಹಾಕಿದರೆ ಅವರ ಸಂಶೋಧನಾ ಪೇಪರ್‌ಗಳು ಬರುತ್ತವೆ. ಪ್ರತಿಯೊಂದನ್ನೂ ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅಂದರೆ ಎಷ್ಟು ಸೈಟೇಶನ್ ಬಂದಿದೆ ಎನ್ನುವುದೂ ಕಾಣುತ್ತದೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಎಂಬ ಅಂಕಿಯೂ ಅಲ್ಲೇ ಸಿಗುತ್ತದೆ. ಅದು 20 ಅಂದರೆ, ಕನಿಷ್ಠ 20 ಸೈಟೇಶನ್ ಪಡೆದ ಪೇಪರ್‌ಗಳು 20 ಇವೆ ಎಂದರ್ಥ. ಒಂದೇ ಪೇಪರ್ ಸುದ್ದಿ ಮಾಡಿದರೆ ಅದು ಏರುವುದಿಲ್ಲ. ಯಾರೂ ಓದದ ಪೇಪರ್‌ಗಳನ್ನು ರಾಶಿ ಹಾಕಿದರೂ ಏರುವುದಿಲ್ಲ.

ಅಂಕಿ ಬೇಡ ಅನ್ನುವವರು ಅದರ ಜಾಗದಲ್ಲಿ ಏನನ್ನು ಇಡುತ್ತಾರೆ? ನಮ್ಮ ಕಡೆ ಆ ಜಾಗಕ್ಕೆ ಬರುವುದು ವಶೀಲಿ. ಯಾರ ಶಿಷ್ಯ, ಯಾರ ಜಾತಿ, ಯಾರ ಫೋನು ಬಂತು ಎನ್ನುವುದರ ಮುಂದೆ ಎಲ್ಲರಿಗೂ ಕಾಣುವ ಒಂದು ಅಂಕಿ ಎಷ್ಟೋ ನ್ಯಾಯವಾದದ್ದು. ಬಡವರ ಮಕ್ಕಳಿಗೆ ಅದು ಜಾಸ್ತಿ ಬೇಕು.

ವಿರೋಧ

ವಶೀಲಿಯ ಮಾತು ನಿಜ, ಒಪ್ಪುತ್ತೇನೆ. ಆದರೆ ಸೈಟೇಶನ್ ತೋರಿಸುವುದು ಒಂದು ಪೇಪರ್ ಎಷ್ಟು ಚರ್ಚೆಯಾಯಿತು ಎನ್ನುವುದನ್ನು. ಅದು ಸರಿಯೋ ತಪ್ಪೋ ಎನ್ನುವುದನ್ನಲ್ಲ. 1996ರಲ್ಲಿ ನಾಸಾದ ವಿಜ್ಞಾನಿ ಡೇವಿಡ್ ಮೆಕೇ ಅವರ ತಂಡ ಮಂಗಳದಿಂದ ಬಂದ ಎಎಲ್‌ಎಚ್84001 ಎಂಬ ಉಲ್ಕಾಶಿಲೆಯಲ್ಲಿ ಜೀವದ ಕುರುಹು ಇರಬಹುದು ಎಂದಿತು. ಆ ಪೇಪರನ್ನು ಬಹಳ ಜನ ಉಲ್ಲೇಖಿಸಿದರು. ಅವರಲ್ಲಿ ಅದನ್ನು ಅಲ್ಲಗಳೆಯಲು ಹೊರಟವರೂ ಬೇಕಾದಷ್ಟಿದ್ದರು. ಲೆಕ್ಕದಲ್ಲಿ ಒಪ್ಪಿದವರೂ ಒಪ್ಪದವರೂ ಒಂದೇ.

ಇನ್ನೊಂದು ಕೆಲಸ ನೋಡಿ. ಗುರುಗ್ರಹದ ಉಪಗ್ರಹ ಅಯೋ. ಗುರುವಿನ ಸೆಳೆತಕ್ಕೆ ಹಿಗ್ಗಿ ಕುಗ್ಗಿ ಅದರ ಒಳಗು ಕರಗಿರಬೇಕು, ಮೇಲೆ ಜ್ವಾಲಾಮುಖಿ ಇರಬಹುದು ಎಂದು ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ವಿಜ್ಞಾನಿಗಳು ಬರೆದರು. ಪೇಪರ್ ಪ್ರಕಟವಾದದ್ದು 1979ರ ಮಾರ್ಚ್ 2ರಂದು. ಮೂರು ದಿನಕ್ಕೆ ನಾಸಾದ ವಾಯೇಜರ್-1 ನೌಕೆ ಗುರುವಿನ ಬಳಿ ಹಾದುಹೋಯಿತು, ಅದು ಕಳಿಸಿದ ಚಿತ್ರಗಳಲ್ಲಿ ಜ್ವಾಲಾಮುಖಿ ಕಂಡೇ ಬಿಟ್ಟಿತು! ಗ್ರಹವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಅಲ್ಲಿ ತೀರ್ಪು ಕೊಟ್ಟದ್ದು ಅಯೋ.

ನನ್ನನ್ನು ಜಾಸ್ತಿ ಕಾಡುವುದು ಉಪಕರಣ ಕಟ್ಟುವವರ ಪಾಡು. ಅಹಮದಾಬಾದಿನ ಅದೇ ಪ್ರಯೋಗಾಲಯದವರು ಕಲ್ಲುಮಣ್ಣಿನ ಧಾತುಗಳನ್ನು ಗುರುತಿಸುವ ಎಪಿಎಕ್ಸ್‌ಎಸ್ ಎಂಬ ಉಪಕರಣ ಮಾಡಿ ಚಂದ್ರಯಾನ-2ರ ರೋವರ್‌ನಲ್ಲಿ ಕಳಿಸಿದರು. 2019ರ ಸೆಪ್ಟೆಂಬರಿನಲ್ಲಿ ಲ್ಯಾಂಡರ್ ಅಪ್ಪಳಿಸಿತು. ವರ್ಷಗಳ ದುಡಿಮೆಗೆ ಚಂದ್ರನ ನೆಲದಿಂದ ಒಂದು ಅಳತೆಯೂ ಬರಲಿಲ್ಲ. ಅಂಥದೇ ಉಪಕರಣ 2023ರ ಆಗಸ್ಟ್ 23ರಂದು ಚಂದ್ರಯಾನ-3ರಲ್ಲಿ ಇಳಿಯಿತು, 23 ಅಳತೆ ತೆಗೆಯಿತು. ಚಂದ್ರನ ಮೇಲ್ಮೈ ಒಂದು ಕಾಲಕ್ಕೆ ಕರಗಿದ ಕಲ್ಲಿನ ಕಡಲಾಗಿತ್ತು ಎಂಬ ವಾದಕ್ಕೆ ಬಲ ಕೊಡುವ ಪೇಪರ್ 2024ರಲ್ಲಿ ಬಂತು. ನಡುವಿನ ವರ್ಷಗಳಲ್ಲಿ ಅವರ ಸೈಟೇಶನ್ ಎಣಿಸಿ ಬಡ್ತಿ ತಡೆದಿದ್ದರೆ ಅದು ಅನ್ಯಾಯ ಅಲ್ವಾ?

ನಮ್ಮ ನೆಲದ ಮಾತೂ ಇದೆ. ವಿಜಯಪುರದ ಕಾಲ ಕೆಳಗಿರುವುದು ದಖ್ಖನ್ನಿನ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲು. ಗೋಳಗುಮ್ಮಟ ಕಟ್ಟಿದ ಕರಿಕಲ್ಲೂ ಅದೇ. ಚಂದ್ರನಲ್ಲಿ ಕಾಣುವ ಕಪ್ಪು ಬಯಲುಗಳೂ ಬಸಾಲ್ಟೇ. ಪಕ್ಕದ ಮಹಾರಾಷ್ಟ್ರದ ಲೋನಾರಿನಲ್ಲಿ ಈ ಕಲ್ಲಿನ ಮೇಲೆ ಉಲ್ಕೆ ಬಿದ್ದು ಸುಮಾರು 1.8 ಕಿಲೋಮೀಟರ್ ಅಗಲದ ಕುಳಿಯಾಗಿದೆ. ಮಂಗಳ, ಚಂದ್ರರ ಕುಳಿಗಳನ್ನು ಅರಿಯಲು ವಿಜ್ಞಾನಿಗಳು ಅಲ್ಲಿಗೆ ಬರುತ್ತಾರೆ. ಬೆಳಗಾವಿಯ ಮೇಷ್ಟ್ರೊಬ್ಬರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಕಲ್ಲನ್ನು ತೆಳ್ಳಗೆ ಕೊಯ್ದು ಉಜ್ಜಿ ಸೂಕ್ಷ್ಮದರ್ಶಕದಡಿ ನೋಡಲು ಕಲಿಸಿದರೆ ಅದು ಯಾವ ಇಂಡೆಕ್ಸಿಗೂ ಸೇರುವುದಿಲ್ಲ. ಮುಂದಿನ ಗ್ರಹವಿಜ್ಞಾನಿ ತಯಾರಾಗುವುದು ಮಾತ್ರ ಹೀಗೆಯೇ.

ಹಾಗಾದರೆ ಆಯ್ಕೆ ಹೇಗೆ? ಅರ್ಜಿ ಹಾಕಿದವರ ಮೂರು ಒಳ್ಳೆಯ ಪೇಪರ್ ಕೇಳಿ. ಪ್ರತಿಯೊಂದರಲ್ಲೂ ಅವರು ಸ್ವತಃ ಮಾಡಿದ್ದೇನು ಅಂತ ಬರೆಸಿಕೊಳ್ಳಿ. ಸಮಿತಿಯವರು ಅವನ್ನು ಓದಲಿ, ತಮ್ಮ ತೀರ್ಮಾನಕ್ಕೆ ಕಾರಣ ಬರೆದು ಎಲ್ಲರಿಗೂ ಕಾಣುವಂತೆ ಹಾಕಲಿ. ವಶೀಲಿಗೂ ಆಗ ಸುಲಭವಾಗಿ ದಾರಿ ಸಿಗುವುದಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ.